ಲೈಮ್ ಕೊಲ್ಲಿಯಲ್ಲಿ ರಾತ್ರಿ ಪಾಳಿ

ಗಂಡ ಹೆಂಡತಿ ಇಬ್ಬರೇ ರಾತ್ರಿಯಿಡೀ ಹಾಯಿದೋಣಿಯಲ್ಲಿ ಹೋದೆವು ಅಂದ ಕೂಡಲೇ ಎಲ್ಲರೂ ಒಂಥರಾ ನಗುತ್ತಾರೆ. ನಗುವಂಥದ್ದೇನೂ ಇಲ್ಲ ಸ್ವಾಮಿ. ಒಬ್ಬರು ಚುಕ್ಕಾಣಿ ಹಿಡಿದಾಗ ಇನ್ನೊಬ್ಬರು ಕೆಳಗೆ ಮಲಗಲೇಬೇಕು, ಮೂರು ಗಂಟೆಗೊಮ್ಮೆ ಪಾಳಿ ಬದಲು. ಒಂದೇ ಮನೆಯಲ್ಲಿ ಡೇ ಶಿಫ್ಟು ನೈಟ್ ಶಿಫ್ಟು ಮಾಡುವವರ ಸಂಸಾರ ಇದ್ದ ಹಾಗೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲಿಮಿಂಗ್ಟನ್‌ನಿಂದ ಪಶ್ಚಿಮಕ್ಕೆ ಡಾರ್ಟ್‌ಮತ್‌ವರೆಗೆ, 80 ನಾಟಿಕಲ್ ಮೈಲಿಗೂ ಜಾಸ್ತಿ. ನಮ್ಮದು 28 ಅಡಿಯ ಹಳೇ ದೋಣಿ. ಗಂಟೆಗೆ 5 ಮೈಲಿ ಹೋದರೆ ಅದೇ ದೊಡ್ಡದು. ಹಾಗಾಗಿ ರಾತ್ರಿ ತಪ್ಪುವುದಿಲ್ಲ. ಹರ್ಸ್ಟ್ ಕೋಟೆಯ ಹತ್ತಿರ ಕಡಲು ತುಂಬಾ ಕಿರಿದು, ಅಲ್ಲಿ ಇಳಿತದ ನೀರು ಹೊರಗೆ ಎಳೆಯುವ ಹೊತ್ತು ನೋಡಿಕೊಂಡೇ ಹೊರಡಬೇಕು. ಎದುರು ನೀರಿಗೆ ಸಿಕ್ಕರೆ ನಮ್ಮಂಥ ದೋಣಿ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಕಡಲಲ್ಲಿ ಎದ್ದು ನಿಂತ ನೀಡಲ್ಸ್ ಬಂಡೆಗಳು. ಎಲ್ಲರೂ ಫೋಟೊ ತೆಗೆಯುತ್ತಾರೆ. ನಾನು ಹೊನ್ನಾವರದವಳು, ನನಗೆ ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪವೇ ಚೆಂದ.

ಕತ್ತಲಾಗುವ ಮೊದಲೇ ದೊಡ್ಡ ಹಾಯಿಯನ್ನು ಸ್ವಲ್ಪ ಇಳಿಸಿ ಕಟ್ಟಿದೆವು. ಪೋರ್ಟ್‌ಲ್ಯಾಂಡ್ ಭೂಶಿರದ ತುದಿಯಲ್ಲಿ ಎರಡೂ ಕಡೆಯ ಪ್ರವಾಹ ಒಂದಕ್ಕೊಂದು ಗುದ್ದಿ ನೀರು ಕುದಿಯುತ್ತದೆ, ಅದಕ್ಕೆ ಐದು ಮೈಲಿ ಹೊರಗಿನಿಂದಲೇ ಸುತ್ತಿ ಆಚೆಗಿನ ಲೈಮ್ ಕೊಲ್ಲಿಗೆ ಹೋದೆವು. ಪೋರ್ಟ್‌ಲ್ಯಾಂಡಿನ ದೀಪಸ್ತಂಭ 20 ಸೆಕೆಂಡಿಗೊಮ್ಮೆ ನಾಲ್ಕು ಸಲ ಮಿಂಚುತ್ತದೆ. ನನ್ನ ಪಾಳಿಯಲ್ಲಿ ಅದನ್ನು ಎಣಿಸುತ್ತಾ ಕೂತಿದ್ದೆ. ಒಂದು ಹಡಗಿನ ಕೆಂಪು ದೀಪ, ಹಸಿರು ದೀಪ ಎರಡೂ ಒಟ್ಟಿಗೆ ಕಂಡವು. ಎರಡೂ ಕಂಡರೆ ಅದು ನೇರ ನಮ್ಮ ಮೇಲೇ ಬರುತ್ತಿದೆ ಅಂತ ಅರ್ಥ. ಎಬ್ಬಿಸಲಾ ಬೇಡವಾ ಅಂತ ನೋಡುತ್ತಿರುವಷ್ಟರಲ್ಲಿ ಹಸಿರು ಮರೆಯಾಯ್ತು, ಕೆಂಪು ಮಾತ್ರ ಉಳಿಯಿತು. ಸದ್ಯ, ತಿರುಗಿತ್ತು.

ಒಂದು ಗಂಟೆಗೆ ಕೆಳಗೆ ಬಗ್ಗಿ, "ಏಳೋ, ನಿನ್ನ ಪಾಳಿ" ಅಂದೆ.

"ಎದ್ದೇ ಇದೀನಿ. ಹಡಗು ಹೋಯ್ತಾ?"

"ನಿಂಗೆ ಹೇಗೆ ಗೊತ್ತು?"

"ನೀನು ಎದ್ದು ನಿಂತೆ, ಸುಮಾರು ಹೊತ್ತು ಕೂರಲೇ ಇಲ್ಲ. ಹಡಗೇ ಇರ್ಬೇಕು ಅಂದ್ಕೊಂಡೆ."

"ಮಲಗೇ ಇಲ್ವಾ ಹಾಗಾದ್ರೆ?"

"ಮಲಗಿದ್ದೆ. ನಿನ್ನ ಹಗ್ಗದ ಕೊಂಡಿ ಟಣ್ ಅಂತಿತ್ತಲ್ಲ, ಅದು ಕೇಳ್ತಿದ್ರೆ ಕಣ್ಣು ಮುಚ್ಚೋದು, ನಿಂತ್ರೆ ತೆಗೆಯೋದು."

ರಾತ್ರಿ ಮೇಲಿರುವವರು ಸೊಂಟದ ಹಗ್ಗವನ್ನು ದೋಣಿಗೆ ಕೊಂಡಿ ಹಾಕಿಕೊಂಡಿರಬೇಕು, ಇನ್ನೊಬ್ಬರನ್ನು ಎಬ್ಬಿಸದೆ ಕೂತ ಜಾಗ ಬಿಟ್ಟು ಮುಂದೆ ಹೋಗಬಾರದು. ಇದು ನಮ್ಮ ನಿಯಮ. ಅದರ ಸದ್ದನ್ನು ಒಬ್ಬ ಮನುಷ್ಯ ಮೂರು ಗಂಟೆ ಕೇಳುತ್ತಾ ಮಲಗಿರುತ್ತಾನೆ ಅಂತ ನನಗೆ ಹೊಳೆದೇ ಇರಲಿಲ್ಲ. ಹಾಯಾಗಿ ಗೊರಕೆ ಹೊಡೀತಿದಾನೆ ಅಂತ ಒಳಗೊಳಗೇ ಬೈದುಕೊಂಡಿದ್ದೆ ಬೇರೆ. ಫ್ಲಾಸ್ಕಿನ ಚಹಾ ಹಂಚಿಕೊಂಡೆವು, ಗಾಳಿ ಯಾವ ಕಡೆಯಿಂದ ಅಂತ ಹೇಳಿದೆ, ಮತ್ತೆ ಸುಮ್ನೆ ಕೂತೆವು. ಇಡೀ ರಾತ್ರಿಯಲ್ಲಿ ನಾವಿಬ್ಬರೂ ಒಟ್ಟಿಗೆ ಇದ್ದದ್ದು ಆ ಕಾಲು ಗಂಟೆ. ಆಮೇಲೆ ಕೆಳಗೆ ಹೋಗಿ ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು? ಟಣ್, ಟಣ್.

ಬೆಳಿಗ್ಗೆ ಬೆರ್ರಿ ಹೆಡ್ ಭೂಶಿರ ಕಂಡಿತು. ಅಲ್ಲಿನ ದೀಪಸ್ತಂಭ ಬರೀ 5 ಮೀಟರ್ ಎತ್ತರ, ಆದರೆ ಗುಡ್ಡದ ತುದಿಯಲ್ಲಿರುವುದರಿಂದ ದೀಪ ಕಡಲಿನಿಂದ 58 ಮೀಟರ್ ಮೇಲಿದೆ. ಜಾಣತನ ಅಲ್ವಾ? ಗಾಳಿ ಬಿದ್ದು ಎಂಜಿನ್ ಹಾಕಿದ್ದೇ ತಡ, ಗಕ್ ಅಂತ ನಿಂತಿತು. ಯಾರೋ ಪುಣ್ಯಾತ್ಮರು ಏಡಿ ಹಿಡಿಯುವ ಬುಟ್ಟಿಗೆ ಗುರುತಿಗೆಂದು ಕಪ್ಪು ಕ್ಯಾನು ಕಟ್ಟಿ ಬಿಟ್ಟಿದ್ದರು. ಬಾವುಟವಿಲ್ಲ, ಬಣ್ಣವಿಲ್ಲ. ಅದರ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿತ್ತು. ಬ್ರೆಡ್ ಕತ್ತರಿಸುವ ಹಲ್ಲಿನ ಚಾಕುವನ್ನು ಕೊಕ್ಕೆ ಕೋಲಿಗೆ ಟೇಪಿನಿಂದ ಸುತ್ತಿ, ಇವನು ಹಿಂದಿನಿಂದ ಬಗ್ಗಿ ಗಂಟೆಗಟ್ಟಲೆ ಕೊಯ್ದ, ನಾನು ಅವನ ಸೊಂಟದ ಪಟ್ಟಿ ಹಿಡಿದು ಕೂತೆ. ನೀವು ಹೋಗುವುದಾದರೆ ಅಂಥ ಚಾಕು ಒಂದು ಇಟ್ಟುಕೊಳ್ಳಿ, ದಡ ಹತ್ತಿರವಾದ ಮೇಲೆ ಒಬ್ಬರು ಮುಂದೆ ನಿಂತು ನೀರು ನೋಡುತ್ತಲೇ ಇರಿ. ಕತ್ತಲಲ್ಲಂತೂ ತೀರದ ಹತ್ತಿರ ಅನಿವಾರ್ಯವಲ್ಲದಿದ್ದರೆ ಎಂಜಿನ್ ಮುಟ್ಟಬೇಡಿ.

ಡಾರ್ಟ್‌ಮತ್ ಸೇರಿ ಅವಲಕ್ಕಿ ತಿಂದು ಮಲಗಿದವರು ಎದ್ದದ್ದು ಸಂಜೆಗೆ. ಮುಂದೆ ಫಾಲ್ಮತ್‌ಗೆ ಹೋಗುವಾಗ ಪ್ಲಿಮತ್‌ನಲ್ಲಿ ರಾತ್ರಿ ಉಳಿದು ಹಗಲಲ್ಲೇ ಹೋಗೋಣ ಅಂತ ಇವನ ವಾದ. ನಾನಿನ್ನೂ ಒಪ್ಪಿಲ್ಲ.