ಹುಳಿ ಪೈಂಟು

ಶನಿವಾರ ಸಂಜೆ ಐದೂವರೆಗೆ ಇಂಗ್ಲೆಂಡಿನ ರೆಡಿಂಗ್ ಪೇಟೆಯ ನಡುವಿನ ಆ ಪಬ್ಬಿನ ಬಾಗಿಲು ತಳ್ಳಿದ ಕೂಡಲೇ ವಾಪಸ್ ಹೋಗಿಬಿಡೋಣ ಅನ್ನಿಸಿತು. ವಿಟ್ಲಪಿಂಡಿ ದಿನದ ಉಡುಪಿ ರಥಬೀದಿಯ ಹಾಗೆ ಜನ. ಹಾಡಿಲ್ಲ, ವಾದ್ಯವಿಲ್ಲ, ಬರೀ ಮಾತಿನ ಮೊರೆತ. ಊರೂರಲ್ಲಿ ಶಾಖೆ ಇರುವ ಸರಪಳಿ ಪಬ್ಬು ಅದು. ಕಾಲಿಗೆ ಅಂಟುವ ಹೂಬಳ್ಳಿಯ ಕಾರ್ಪೆಟ್ಟು, ಬೆಳಿಗ್ಗೆಯಿಂದಲೇ ಕೂತವರಂತೆ ಕಾಣುವ ಅಜ್ಜಂದಿರು, ಮದುವೆಗೆ ಮುಂಚಿನ ಮೋಜಿಗೆ ಬಂದ ಹುಡುಗಿಯರ ದಂಡು, ಕೆಚಪ್ ಬಳಿದುಕೊಂಡ ಮಕ್ಕಳು.

ಆರು ವಾರದ ಆಫೀಸ್ ಕೆಲಸಕ್ಕೆ ಬಂದಿದ್ದ ನನಗೂ, ಜೊತೆಗಿದ್ದ ದಾವಣಗೆರೆಯ ಗೆಳೆಯನಿಗೂ ಬಿಯರೆಂದರೆ ಬೆಂಗಳೂರಿನದು: ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಪಕ್ಕದಲ್ಲಿ ಕಾಂಗ್ರೆಸ್ ಕಡ್ಲೆಬೀಜ. ರಿಯಲ್ ಏಲ್ ಎಂಬ ಇಲ್ಲಿನ ಸಾಂಪ್ರದಾಯಿಕ ಬಿಯರು ಕುಡಿಯದೆ ವಿಮಾನ ಹತ್ತಬೇಡಿ ಎಂದು ಇಲ್ಲಿನ ಸಹೋದ್ಯೋಗಿಯೊಬ್ಬರು ಎರಡು ಸಲ ಹೇಳಿದ್ದರು. ಒಳ್ಳೆಯ ಪಬ್ಬು ಯಾವುದೆಂದು ಕೇಳಿಕೊಳ್ಳದೆ, ಸ್ಟೇಷನ್ನಿಗೆ ಹತ್ತಿರ, ರೇಟು ಕಮ್ಮಿ ಎಂದು ನಾವು ಇಲ್ಲಿಗೆ ನುಗ್ಗಿದ್ದೆವು.

ಬಸ್ಸಿಗೂ ಬ್ಯಾಂಕಿಗೂ ಸಾಲು ಹಚ್ಚುವ ಇಂಗ್ಲಿಷರು ಬಾರಿನ ಮುಂದೆ ಮಾತ್ರ ಸಾಲು ನಿಲ್ಲುವುದಿಲ್ಲ. ಎಲ್ಲರೂ ಕಟ್ಟೆಗೆ ಒರಗಿ ಸುಮ್ಮನೆ ನಿಂತಿರುತ್ತಾರೆ. ಯಾರ ಹಿಂದೆ ಯಾರು ಬಂದರು ಎಂಬ ಲೆಕ್ಕ ಒಳಗಿರುವ ಹುಡುಗಿಯ ತಲೆಯಲ್ಲಿರುತ್ತದೆ. ಕೈಯೆತ್ತಿ 'ಹಲೋ' ಅನ್ನಹೊರಟ ಗೆಳೆಯನ ತೋಳನ್ನು ಸಮಯಕ್ಕೆ ಸರಿಯಾಗಿ ಹಿಡಿದೆ.

ಕಟ್ಟೆಯ ಮೇಲೆ ಉದ್ದ ಹಿಡಿಯ ಹತ್ತು ಹ್ಯಾಂಡ್ ಪಂಪು. ಒಂದೊಂದಕ್ಕೂ ಬಣ್ಣದ ಫಲಕ, ಮೂಲೆಯಲ್ಲಿ ಆಲ್ಕೋಹಾಲಿನ ಶೇಕಡಾವಾರು. ಹೆಚ್ಚುಕಮ್ಮಿ ಒಂದೇ ಬೆಲೆಗೆ ಒಂದರಲ್ಲಿ 3.8, ಇನ್ನೊಂದರಲ್ಲಿ 6 ಇದ್ದರೆ ನಮ್ಮವರು ಯಾವುದನ್ನು ಆರಿಸುತ್ತಾರೆಂದು ಹೇಳಬೇಕಿಲ್ಲ. ಪೋರ್ಟರ್ ಎಂಬ ಕಪ್ಪಗಿನ ಬಿಯರು ಹೇಳಿದೆ. ಗೆಳೆಯ ಅಂಜುಬುರುಕ, ಪಕ್ಕದವನು ಹೇಳಿದ ಬಿಟರ್ ಎಂಬ ಏಲನ್ನೇ ಹೇಳಿದ.

ಮೊದಲ ಗುಟುಕಿಗೇ ಮುಖ ಕಿವಿಚಿತು. ಹುಳಿ. ಹುಣಸೆಯದಲ್ಲ, ವಿನೆಗರಿನದು. ಇದೇ ಇವರ ಘನಂದಾರಿ ಏಲ್ ಇರಬೇಕು, ಹೊಂದಿಕೊಳ್ಳೋಣ ಎಂದು ಇನ್ನೆರಡು ಗುಟುಕು ಇಳಿಸಿದೆ. ಮೇಜಿನ ಆಚೆ ತುದಿಯಲ್ಲಿ ಒಬ್ಬರೇ ಕೂತಿದ್ದ ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದವರು, 'ಕೊಡಪ್ಪ ಇಲ್ಲಿ' ಎಂಬಂತೆ ಕೈಚಾಚಿ ಲೋಟ ಮೂಸಿ, 'ಕೆಟ್ಟಿದೆ. ವಾಪಸ್ ಕೊಡು' ಅಂದರು. ಮೂರು ಗುಟುಕು ಕುಡಿದ ಲೋಟವನ್ನೇ? ನಮ್ಮೂರ ಬಾರಿನಲ್ಲಿ ಹಾಗೆ ಮಾಡಿದರೆ ಮ್ಯಾನೇಜರು, ಅವನ ಹಿಂದೆ ಇನ್ನಿಬ್ಬರು ಬರುತ್ತಾರೆ. ಇಲ್ಲಿ ಆ ಹುಡುಗಿ ಒಮ್ಮೆ ಮೂಸಿದಳು, ಸಾರಿ ಅಂದಳು, ಪೋರ್ಟರಿನ ಫಲಕವನ್ನು ಹಿಂದುಮುಂದು ತಿರುಗಿಸಿಟ್ಟಳು. ಬದಲಿಗೆ ಬಿಟರ್ ತುಂಬಿಕೊಟ್ಟಳು. ಅಷ್ಟೇ.

ಅಜ್ಜನ ಪಾಠ ಶುರುವಾದದ್ದು ಆಮೇಲೆ. ಈ ಊರಿಗೆ ಒಂದು ಕಾಲದಲ್ಲಿ ಮೂರು 'ಬಿ'ಗಳ ಹೆಸರಿತ್ತಂತೆ: ಬಿಸ್ಕತ್ತು, ಬಲ್ಬು, ಬಿಯರು. (ಬಲ್ಬೆಂದರೆ ಕರೆಂಟಿನದಲ್ಲ, ಹೂಗಿಡದ ಗೆಡ್ಡೆ. ನಾನು ಸ್ವಲ್ಪ ಹೊತ್ತು ದೀಪದ ಕಾರ್ಖಾನೆಯನ್ನೇ ಕಲ್ಪಿಸಿಕೊಂಡಿದ್ದೆ.) ಬಿಯರು ಸೈಮಂಡ್ಸ್‌ನವರದು, 1785ರಿಂದ. ಆಮೇಲೆ ದೊಡ್ಡ ಕಂಪನಿಗಳು ಸೋಸಿ, ಕಾಯಿಸಿ, ಗ್ಯಾಸು ತುಂಬಿದ ಕೆಗ್ ಬಿಯರನ್ನೇ ಎಲ್ಲೆಡೆ ಹಂಚತೊಡಗಿದವು. ಅದಕ್ಕೆ ಸಿಟ್ಟಾಗಿ 1971ರಲ್ಲಿ ನಾಲ್ವರು ಇಂಗ್ಲಿಷ್ ಯುವಕರು ರಿಯಲ್ ಏಲ್ ಪರವಾಗಿ ಕ್ಯಾಮ್ರಾ ಎಂಬ ಚಳವಳಿ ಕಟ್ಟಿದರು. ಕಟ್ಟಿದ್ದೂ ಎಲ್ಲಿ? ರಜೆಗೆ ಹೋಗಿದ್ದ ಐರ್ಲೆಂಡಿನ ಒಂದು ಬಾರಿನಲ್ಲಿ!

ರಿಯಲ್ ಏಲ್‌ನಲ್ಲಿ ಯೀಸ್ಟು ಸತ್ತಿರುವುದಿಲ್ಲ. ಪೀಪಾಯಿಗೆ ತುಂಬಿದ ಮೇಲೂ ಅದು ಒಳಗೇ ಹುದುಗುತ್ತಿರುತ್ತದೆ. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿಟ್ಟು, ಗ್ಯಾಸಿನ ಒತ್ತಡವಿಲ್ಲದೆ ಕೈಯಿಂದಲೇ ಎಳೆದು ಮೇಲೆ ತರುತ್ತಾರೆ. ಎಳೆದಷ್ಟೂ ಪೀಪಾಯಿಯೊಳಗೆ ಗಾಳಿ ಹೋಗುತ್ತದೆ. ಫರ್ಕಿನ್ ಎಂಬ ಒಂದು ಪೀಪಾಯಿಯಲ್ಲಿ 72 ಪೈಂಟು, ಅಂದರೆ 72 ದೊಡ್ಡ ಲೋಟ. ತೆರೆದ ಮೇಲೆ ಮೂರು ದಿನದೊಳಗೆ ಖಾಲಿಯಾಗದಿದ್ದರೆ ನನಗೆ ಸಿಕ್ಕಿದ್ದೇ ಗತಿ.

ಇದು ನನಗೆ ಹೊಸತೇ ಅಲ್ಲ. ನಮ್ಮ ಮನೆ ಹಿಂದಿನ ತೆಂಗಿನಮರದಿಂದ ಮೂರ್ತೆಯವರು ಇಳಿಸುತ್ತಿದ್ದ ಕಲಿಯೂ (ಶೇಂದಿ) ಹೀಗೇ. ಬೆಳಿಗ್ಗೆ ಸಿಹಿ, ಮಧ್ಯಾಹ್ನಕ್ಕೆ ಚುರುಕು, ಸಂಜೆ ಕಳೆದರೆ ಹುಳಿ. ನೆರೆಮನೆಯ ಬಾಯಮ್ಮ ಇಡ್ಲಿಯಂಥ 'ಸಣ್ಣ'ದ ಹಿಟ್ಟು ಉಬ್ಬಲು ಅದನ್ನೇ ಒಂದು ಲೋಟ ಒಯ್ಯುತ್ತಿದ್ದರು. ನೊರೆ ಇಳಿಯುವ ಮೊದಲು ಕುಡಿಯಬೇಕು ಅನ್ನುವ ಆತುರ ನಮ್ಮ ಅಜ್ಜನಿಗೂ ಇತ್ತು, ಈ ಅಜ್ಜನಿಗೂ ಇದೆ.

'ಹಾಗಾದರೆ ಇಂಥ ಗದ್ದಲದ ಕಡೆ ಯಾಕೆ ಬರ್ತೀರಿ, ಊರಲ್ಲಿ ಚಂದದ ಹಳೇ ಪಬ್ಬುಗಳಿಲ್ಲವೇ?' ಅಂದೆ. ಅಜ್ಜ ಸುತ್ತ ಕೈಬೀಸಿ ಜನರನ್ನು ತೋರಿಸಿದರು. ಇವರಿಂದಲೇ ಬಿಟರ್ ಚೆನ್ನಾಗಿರುವುದು, ಪೀಪಾಯಿ ಒಂದೇ ದಿನಕ್ಕೆ ಮುಗಿಯುತ್ತದೆ. ಬಲಿಷ್ಠವೆಂದು ಯಾರೂ ಮುಟ್ಟದ ಪೋರ್ಟರು ವಾರದ ನಡುವಿನಿಂದ ಕೂತಿತ್ತು. ಸರಿಯೇ. ಇಡ್ಲಿ ತಿನ್ನಲು ಜನ ಮುಗಿಬೀಳುವ ಹೋಟೆಲಿಗೆ ಹೋಗುವ ನಾನು, ಇಲ್ಲಿ ಯಾರೂ ಕೇಳದ್ದನ್ನು ಆರಿಸಿದ್ದೆ.

ಬಿಟರ್ ನಿಜಕ್ಕೂ ಚೆನ್ನಾಗಿತ್ತು. ಬೆಚ್ಚಗೇನಲ್ಲ, ಮಣ್ಣಿನ ಹೂಜಿಯ ನೀರಿನಷ್ಟು ತಂಪು. ಬಿಸ್ಕತ್ತಿನ ಸಣ್ಣ ಸಿಹಿ, ಕೊನೆಗೆ ಹಾಗಲದ ನೆನಪು ತರುವ ಕಹಿ. ಇಷ್ಟು ತಿಳಿಯಾಗಿರುವುದು ಹೇಗೆಂದು ಗೆಳೆಯ ಕೇಳಬಾರದಿತ್ತು. ಗಸಿ ಕೂರಲು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಹಾಕುವ ಪದ್ಧತಿ ಹಿಂದಿನಿಂದ ಇದೆ, ಈಗೀಗ ಕೆಲವರು ಬಿಟ್ಟಿದ್ದಾರೆ ಎಂದು ಅಜ್ಜ ಉತ್ಸಾಹದಿಂದ ವಿವರಿಸಿದರು. ಅಪ್ಪಟ ಸಸ್ಯಾಹಾರಿ ಗೆಳೆಯ ಅರ್ಧ ತುಂಬಿದ ಲೋಟವನ್ನು ಒಂದು ಬೆರಳಿನಿಂದ ನನ್ನತ್ತ ಸರಿಸಿ ಜ್ಯೂಸು ತರಲು ಎದ್ದುಹೋದ. ಕರಾವಳಿಯವನಿಗೆ ಮೀನಿನಿಂದ ಏನು ತೊಂದರೆ? ಎರಡನ್ನೂ ಮುಗಿಸಿದೆ.

ಅಜ್ಜನಿಗೊಂದು ಕೊಡಿಸೋಣವೆಂದು ಮತ್ತೆ ಕಟ್ಟೆಗೆ ಹೋಗಿ ನನ್ನ ಸರದಿಗೆ ಕಾದೆ. ಹುಡುಗಿ ಬಿಟರಿನ ಹಿಡಿ ಎಳೆದಳು. ಪಂಪು ಗೊರಗೊರ ಎಂದು ಬರೀ ನೊರೆ ಕಕ್ಕಿತು. ನಕ್ಕು ಆ ಫಲಕವನ್ನೂ ತಿರುಗಿಸಿಟ್ಟಳು.