ಅಕ್ಷರ ಮಾಸಿದ ಬಿಲ್ಲು ಮತ್ತು ಲ್ಯಾಪ್‌ಟಾಪಿನ ವಾರಂಟಿ

ಮಗಳ ಲ್ಯಾಪ್‌ಟಾಪ್ ಕೆಟ್ಟಾಗ ನಮ್ಮ ಲೆಕ್ಕದ ಪ್ರಕಾರ ವಾರಂಟಿ ಇನ್ನೂ ಮುಗಿದಿರಲಿಲ್ಲ. ಚಾರ್ಜರ್ ಹಾಕಿದರೆ ದೀಪ ಹೊತ್ತಿಕೊಳ್ಳುತ್ತಿತ್ತು, ಪರದೆ ಮಾತ್ರ ಕಪ್ಪಾಗಿಯೇ ಇರುತ್ತಿತ್ತು. ದಾವಣಗೆರೆಯ ಸರ್ವಿಸ್ ಸೆಂಟರಿನ ಹುಡುಗ ಅದರ ತಳದಲ್ಲಿದ್ದ ಸೀರಿಯಲ್ ನಂಬರನ್ನು ಹಾಕಿ ನೋಡಿ, "ವಾರಂಟಿ ಮುಗಿದಿದೆ ಮೇಡಂ. ಮದರ್‌ಬೋರ್ಡ್ ಹೋಗಿದೆ, ದುಡ್ಡು ಕಟ್ಟಬೇಕಾಗುತ್ತೆ. ಬಿಲ್ ಇದ್ರೆ ತನ್ನಿ, ಡೇಟ್ ಸರಿ ಮಾಡಿಸೋಣ" ಎಂದ.

ಖರೀದಿಯ ದಿನಾಂಕ ತಮ್ಮಲ್ಲಿ ನೋಂದಣಿಯಾಗದಿದ್ದರೆ, ಸರಕು ತಮ್ಮಿಂದ ಹೊರಟ ದಿನದಿಂದಲೇ ವಾರಂಟಿಯನ್ನು ಎಣಿಸುವುದು ಹಲವು ಕಂಪನಿಗಳ ರೂಢಿ. ಹೀಗಾಗಿ ಲ್ಯಾಪ್‌ಟಾಪು ಗೋದಾಮಿನಲ್ಲೋ ಅಂಗಡಿಯ ಕಪಾಟಿನಲ್ಲೋ ಕಳೆದ ತಿಂಗಳುಗಳು ಕೊಂಡವರ ಲೆಕ್ಕಕ್ಕೆ ಬಿದ್ದಿದ್ದವು. ಇದು ನ್ಯಾಯವಲ್ಲವೆಂದೇ ನನಗೆ ಅನ್ನಿಸುತ್ತದೆ.

ಬಿಲ್ಲು ಮನೆಯಲ್ಲಿ ಭದ್ರವಾಗಿಯೇ ಇತ್ತು, ಆದರೆ ಅದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಅಂಗಡಿಗಳ ಸಣ್ಣ ಯಂತ್ರದಿಂದ ಬರುವ ಆ ನುಣುಪು ಕಾಗದಕ್ಕೆ ಶಾಯಿ ಬಳಸುವುದಿಲ್ಲ. ಕಾಗದದ ಲೇಪವೇ ಬಿಸಿ ತಗುಲಿ ಕಪ್ಪಾಗಿ ಅಕ್ಷರವಾಗುತ್ತದೆ, ಮತ್ತು ಬೆಳಕು, ಸೆಕೆ, ಎಣ್ಣೆಯ ಅಂಶ, ಕೆಲವು ಬಗೆಯ ಪ್ಲಾಸ್ಟಿಕ್ ಕವರುಗಳ ಸಂಪರ್ಕ ಇವೆಲ್ಲವೂ ಅದನ್ನು ಮಾಸಿಸುತ್ತವೆ. ಕಾರ್ಡ್ ಯಂತ್ರ ಕೊಟ್ಟ ಚೀಟಿಯೂ ಅದೇ ಜಾತಿಯದು. ಅಂಗಡಿಗೆ ಹೋಗಿ ಇನ್ನೊಂದು ಪ್ರತಿ ಕೇಳೋಣವೆಂದರೆ ಅದು ಮುಚ್ಚಿ, ಆ ಜಾಗದಲ್ಲಿ ಬೇರೆಯವರು ಬಟ್ಟೆ ವ್ಯಾಪಾರ ನಡೆಸುತ್ತಿದ್ದರು.

ಆದರೂ ನಮ್ಮ ಕೈ ಬರಿದಾಗಿರಲಿಲ್ಲ. ಅಂಗಡಿಯ ಹೆಸರು, ದಿನಾಂಕ, ಮೊತ್ತ ಮೂರೂ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿದ್ದವು. ಮಗಳು ಎಸೆಯದೆ ಅಟ್ಟದ ಮೇಲಿಟ್ಟಿದ್ದ ಪೆಟ್ಟಿಗೆಯ ಚೀಟಿಯಲ್ಲಿ ಲ್ಯಾಪ್‌ಟಾಪಿನದೇ ಸೀರಿಯಲ್ ನಂಬರ್ ಇತ್ತು. ಇವನ್ನು ಕೊಂಡೊಯ್ದಾಗ ಹುಡುಗ, ಬಿಲ್ಲಲ್ಲದೆ ಬೇರೇನನ್ನೂ ಅಪ್‌ಲೋಡ್ ಮಾಡಲು ತನಗೆ ಅಧಿಕಾರವಿಲ್ಲವೆಂದು ಹೇಳಿದ. ಅವನ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿರಲಿಲ್ಲ. ದುಡ್ಡು ಕಟ್ಟಲು ಒಪ್ಪದೆ, ವಾರಂಟಿಯನ್ನು ಯಾವ ಕಾರಣಕ್ಕೆ ನಿರಾಕರಿಸಲಾಗಿದೆ ಎಂಬುದನ್ನು ರಿಪೇರಿಯ ವಿವರ ಬರೆಯುವ ಜಾಬ್ ಶೀಟಿನಲ್ಲೇ ಬರೆದುಕೊಡುವಂತೆ ಕೇಳಿದೆ. ಸ್ವಲ್ಪ ಹಿಂಜರಿದರೂ ಬರೆದುಕೊಟ್ಟ. ಮುಂದೆ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಆ ಒಂದು ಸಾಲು.

ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಬರೆದು, ಜಾಬ್ ಶೀಟ್, ತಳದ ಮತ್ತು ಪೆಟ್ಟಿಗೆಯ ನಂಬರುಗಳ ಫೋಟೋ, ಮಾಸಿದ ಬಿಲ್ಲಿನ ಫೋಟೋ, ಉಳಿದ ವ್ಯವಹಾರಗಳನ್ನು ಮರೆಮಾಡಿದ ಸ್ಟೇಟ್‌ಮೆಂಟಿನ ಪುಟ ಇಷ್ಟನ್ನೂ ಲಗತ್ತಿಸಿದೆ. ನಾನು ಕೇಳಿದ್ದು ಒಂದೇ: ಈ ನಂಬರಿನ ಲ್ಯಾಪ್‌ಟಾಪನ್ನು ಯಾವ ವಿತರಕರಿಗೆ ಯಾವಾಗ ಕಳಿಸಿದಿರಿ ಎಂಬ ದಾಖಲೆ ನಿಮ್ಮಲ್ಲಿರುವಾಗ, ಅದನ್ನು ನಮ್ಮ ಪಾವತಿಯ ದಿನಾಂಕದೊಂದಿಗೆ ಹೋಲಿಸಿ ನೋಡಲು ಇರುವ ಅಡ್ಡಿಯೇನು? ಬಂದ ಉತ್ತರ ಸಿದ್ಧ ಮಾದರಿಯದು, ಬಿಲ್ಲನ್ನು ಕಳುಹಿಸಿ ಎಂದು.

ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿದೆ. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು. ಸಹಾಯವಾಣಿ ತೀರ್ಪು ಕೊಡುವ ಸಂಸ್ಥೆಯಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ, ಅಷ್ಟೇ. ದೂರಿನ ಸಂಖ್ಯೆಯನ್ನು ಕಂಪನಿಗೂ ತಿಳಿಸಿ, ಪರಿಹಾರ ಸಿಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುವುದಾಗಿ ಬರೆದೆ. ಬರಿಯ ಬೆದರಿಕೆಯಾಗಿ ಬರೆದದ್ದಲ್ಲ. ಖರೀದಿಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸ್ವತಃ ವಾದಿಸಲೂಬಹುದು.

ಬಳಿಕ ಕಂಪನಿಯವರೇ ಫೋನ್ ಮಾಡಿದರು. ಪೆಟ್ಟಿಗೆಯ ಫೋಟೋವನ್ನು ಇನ್ನಷ್ಟು ಸ್ಪಷ್ಟವಾಗಿ ತೆಗೆದು ಕಳಿಸುವಂತೆ ಕೇಳಿ, ಕೊನೆಗೆ ಪಾವತಿಯ ದಿನವನ್ನೇ ವಾರಂಟಿಯ ಆರಂಭವೆಂದು ದಾಖಲಿಸಿಕೊಂಡರು. ಮದರ್‌ಬೋರ್ಡನ್ನು ಉಚಿತವಾಗಿ ಬದಲಿಸಲಾಯಿತು.

ಬೋರ್ಡ್ ಬದಲಾದಾಗ ಹಳೆಯ ಸೀರಿಯಲ್ ನಂಬರನ್ನು ಹೊಸದರೊಳಗೆ ಮತ್ತೆ ಬರೆಯಬೇಕಾಗುತ್ತದೆ, ಇಲ್ಲದಿದ್ದರೆ ತಳದ ಚೀಟಿಗೂ ಒಳಗಿನ ದಾಖಲೆಗೂ ತಾಳೆಯಾಗುವುದಿಲ್ಲ. ಬಿಲ್ಲಿಲ್ಲದ ನಮಗೆ ಆ ನಂಬರೇ ಆಧಾರವಾದ್ದರಿಂದ, ಹೊರಡುವ ಮುನ್ನ ಬಯೋಸ್, ಅಂದರೆ ಬೋರ್ಡಿನೊಳಗಿನ ನಂಬರ್ ಕಾಣುವ ಸೆಟ್ಟಿಂಗ್ ಪರದೆಯನ್ನು ತೆರೆದು ತೋರಿಸುವಂತೆ ಅದೇ ಹುಡುಗನನ್ನು ಕೇಳಿದೆ. ತೋರಿಸಿದ, ಮಗಳು ಪೆಟ್ಟಿಗೆಯ ಚೀಟಿಯ ಜೊತೆ ಒಂದೊಂದೇ ಅಂಕಿಯನ್ನು ಹೋಲಿಸಿ, ಸರಿಯಿದೆ ಎಂದಳು.