ಬಂಡೆಯ ಬಿಸಿ, ನಾಲ್ಕನೆಯ ವಾರ: ಅರ್ಧ ಮಾತೃಕೆ ದುರ್ಗಕ್ಕೆ ತಲುಪಿದ್ದು

ಚಿತ್ರದುರ್ಗದ ಕೋಟೆಯ ಬಂಡೆಗಳು ಹೊತ್ತು ಮುಳುಗಿದ ಮೇಲೂ ಬಿಸಿಯಾಗಿಯೇ ಇರುತ್ತವೆ. ಆ ಬಿಸಿ ಕಲ್ಲಿನೊಳಗೆ ಹೇಗೆ ಹರಡುತ್ತದೆಂದು ಲೆಕ್ಕ ಹಾಕುವುದು ನಮ್ಮಿಬ್ಬರ ಹವ್ಯಾಸ. ದಾವಣಗೆರೆಯಲ್ಲಿ ನಾನು ಪೈಥಾನ್‌ನ ಗಣಿತ ಲೈಬ್ರರಿ ಸೈಪೈ ಬಳಸಿ ಮಾತೃಕೆ, ಅಂದರೆ ಸಮೀಕರಣಗಳ ಅಂಕಿಗಳ ಕೋಷ್ಟಕ, ಕಟ್ಟುತ್ತೇನೆ. ದುರ್ಗದಲ್ಲಿರುವ ಗೆಳೆಯ ಅದನ್ನು ಆಕ್ಟೇವ್ ಎಂಬ ಗಣಿತದ ತಂತ್ರಾಂಶದಲ್ಲಿ ಬಿಡಿಸಿ ಉತ್ತರ ಪಡೆಯುತ್ತಾನೆ. ಈ ವಾರವೆಲ್ಲ ಮಾತೃಕೆಯನ್ನು ಇಲ್ಲಿಂದ ಅಲ್ಲಿಗೆ ದಾಟಿಸುವುದರಲ್ಲೇ ಕಳೆಯಿತು.

ಬಂಡೆಯ ಸೀಳೊಂದನ್ನು 100 × 100 ಬಿಂದುಗಳಾಗಿ ಹಂಚಿದ್ದೇವೆ. ಈ 10,000 ಬಿಂದುಗಳಲ್ಲಿ ಪ್ರತಿಯೊಂದಕ್ಕೂ ಒಂದು ಅಡ್ಡಸಾಲು, ಒಂದು ಕಂಬಸಾಲು ಇರುವುದರಿಂದ ಮಾತೃಕೆಯಲ್ಲಿ ಹತ್ತು ಕೋಟಿ ಸ್ಥಾನಗಳಿದ್ದು, ಎಲ್ಲವನ್ನೂ ಎಂಟೆಂಟು ಬೈಟ್‌ಗಳಲ್ಲಿ ಇಟ್ಟರೆ 80 ಕೋಟಿ ಬೈಟ್ ಬೇಕು. ಆದರೆ ಪ್ರತಿ ಬಿಂದುವಿಗೂ ತನ್ನ ಹಾಗೂ ಹೆಚ್ಚೆಂದರೆ ನಾಲ್ಕು ನೆರೆಬಿಂದುಗಳ ಸಂಬಂಧ ಮಾತ್ರ ಇರುವುದರಿಂದ ಶೂನ್ಯವಲ್ಲದವು 49,600 ಮಾತ್ರ: ಬಿಂದುವಿನ ತನ್ನ ಸ್ಥಾನದಲ್ಲಿ 4, ಪ್ರತಿ ನೆರೆಬಿಂದುವಿನ ಸ್ಥಾನದಲ್ಲಿ -1. ಅವನ್ನಷ್ಟೇ ಅಡ್ಡಸಾಲು, ಕಂಬಸಾಲು, ಬೆಲೆ ಎಂದು ಸಾಲಿಗೊಂದರಂತೆ ಬರೆಯುವ ಮ್ಯಾಟ್ರಿಕ್ಸ್ ಮಾರ್ಕೆಟ್ ಕಡತವನ್ನು ಕಳುಹಿಸಿದೆ.

ಗೆಳೆಯನಿಗೆ ಬಂದ ಉತ್ತರ ವಿಚಿತ್ರವಾಗಿತ್ತು: ಎಡಬದಿಯ ಬಿಸಿ ಬಲಕ್ಕೆ ಹರಿಯುತ್ತಿತ್ತು, ಬಲಬದಿಯದು ಎಡಕ್ಕೆ ಬರುತ್ತಲೇ ಇರಲಿಲ್ಲ. ಮೊದಲು ನನ್ನ ಸಮೀಕರಣವನ್ನೇ ಸಂಶಯಿಸಿ ಎರಡು ರಾತ್ರಿ ಕಳೆದೆ. ಕೊನೆಗೆ ಕಡತವನ್ನು ಸಾದಾ ಎಡಿಟರ್‌ನಲ್ಲಿ ತೆರೆದಾಗ ಅಡ್ಡಸಾಲು, ಕಂಬಸಾಲು, ಬರೆದ ಬೆಲೆಗಳ ಸಂಖ್ಯೆ ಹೇಳುವ ಅಳತೆಯ ಸಾಲಿನಲ್ಲಿ 10000 10000 29800 ಎಂದಿತ್ತು. ಮಾತೃಕೆ ಸಮಮಿತವಾಗಿರುವುದನ್ನು (ಮೇಲಿನ ಅರ್ಧ ಕೆಳಗಿನ ಅರ್ಧದ ಪ್ರತಿಬಿಂಬವಾಗಿರುವುದನ್ನು) ಸೈಪೈ ತಾನೇ ಗುರುತಿಸಿ, ಮೊದಲ ಸಾಲಿನಲ್ಲಿ ‘ಸಿಮೆಟ್ರಿಕ್’ ಎಂದು ನಮೂದಿಸಿ, ಕರ್ಣ (ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಇಳಿಯುವ ಓರೆಸಾಲು) ಮತ್ತು ಅದರ ಕೆಳಗಿನ ಭಾಗವನ್ನಷ್ಟೇ ಬರೆದಿತ್ತು. ಗೆಳೆಯ ತಾನೇ ಬರೆದುಕೊಂಡಿದ್ದ ಓದುವ ಪ್ರೋಗ್ರಾಂ ಆ ಮೊದಲ ಸಾಲನ್ನು ಹಾರಿಸಿಬಿಡುತ್ತಿತ್ತು, ಹಾಗಾಗಿ ಮೇಲಿನ ಅರ್ಧ ಖಾಲಿಯೇ ಉಳಿದಿತ್ತು.

ಕೆಳಭಾಗಕ್ಕೆ ಅದರ ಟ್ರಾನ್ಸ್‌ಪೋಸ್, ಅಂದರೆ ಅಡ್ಡಸಾಲು ಕಂಬಸಾಲುಗಳನ್ನು ಅದಲುಬದಲು ಮಾಡಿದ ರೂಪ, ಕೂಡಿಸಿದೆವು. ಕರ್ಣದ 4 ಎಲ್ಲ 8 ಆಯಿತು. ಕರ್ಣವನ್ನು ಒಮ್ಮೆ ಕಳೆದ ಮೇಲೆ ಸರಿಹೋಯಿತು. ಕಡತದಲ್ಲೂ ಆಕ್ಟೇವ್‌ನಲ್ಲೂ ಸಾಲುಗಳ ಎಣಿಕೆ 1ರಿಂದಲೇ ಆರಂಭವಾಗುವುದರಿಂದ ಬೇರೆ ತೊಂದರೆಯಾಗಲಿಲ್ಲ.

ಈಗ ಕಡತದ ಜೊತೆ ಎರಡು ಅಂಕಿಗಳನ್ನೂ ಕಳುಹಿಸುತ್ತೇನೆ: ಶೂನ್ಯವಲ್ಲದವುಗಳ ಸಂಖ್ಯೆ ಮತ್ತು ಎಲ್ಲ ಬೆಲೆಗಳ ಮೊತ್ತ. ನಮ್ಮ ಮಾತೃಕೆಗೆ ಮೊತ್ತ 400 ಬರಬೇಕು. ಅರ್ಧ ಮಾತೃಕೆಗೆ 20,200 ಬರುತ್ತಿತ್ತು, ಕರ್ಣ ಇಮ್ಮಡಿಯಾದಾಗ 40,400. ಮೊದಲೇ ಕೂಡಿ ನೋಡಿದ್ದರೆ ಎರಡು ರಾತ್ರಿ ಉಳಿಯುತ್ತಿದ್ದವು.

ಮುಂದಿನ ವಾರ ಬಂಡೆಗೆ ಬಿರುಕು ಸೇರಿಸುತ್ತೇವೆ. ಆಗ ಬೆಲೆಗಳು ದಶಮಾಂಶಗಳಾಗುವುದರಿಂದ, ಎರಡೂ ಕಡೆ ಅದೇ ಸಂಖ್ಯೆ ಉಳಿಯುವಂತೆ 17 ಅಂಕಿಗಳವರೆಗೆ ಬರೆಯಲು ಪ್ರೋಗ್ರಾಂ ತಿದ್ದಿಟ್ಟಿದ್ದೇನೆ.